ಒಂದೇ ಪೀಪಾಯಿ, ಎರಡು ಕೋಣೆ

(ಬೆಂಗಳೂರಿನಲ್ಲಿ ಗೆಳೆಯರು ಏರ್ಪಡಿಸಿದ್ದ ಸಂಜೆಯ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಯ ಪ್ರಶ್ನೋತ್ತರದಲ್ಲಿ ಎರಡನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪಬ್ಬಿನಲ್ಲಿ ಮುಖ್ಯ ಯಾವುದು, ಬಿಯರಿನ ಗುಣಮಟ್ಟವೋ, ವಾತಾವರಣವೋ? ಇವತ್ತಿನ ವಿಷಯ ಇದು. ಗೆಳೆಯರ ಹರಟೆಗಾದರೆ ಸರಿ, ಭಾಷಣಕ್ಕೆ ಯಾಕೆ ಅಂತ ಕೆಲವರಿಗಾದರೂ ಅನ್ನಿಸಿರುತ್ತದೆ. ನಾನು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಸುತ್ತಮುತ್ತ ಹಲವು ವರ್ಷ ಕೆಲಸ ಮಾಡಿಕೊಂಡಿದ್ದೆ. ಆ ದೇಶದಲ್ಲಿ ಒಳ್ಳೆಯ ಬಿಯರಿಗಾಗಿ ಚಳವಳಿ ಕಟ್ಟಿದ ಜನರಿದ್ದಾರೆ. ಪಬ್ಬಿನ ಒಂದು ಕೋಣೆಯೊಳಗೆ ಕೂರುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದವರಿದ್ದಾರೆ. ಕೆಡವಿ ಹಾಕಿದ ಪಬ್ಬನ್ನು ಅದೇ ಜಾಗದಲ್ಲಿ ಮತ್ತೆ ಕಟ್ಟಿಸಿದವರಿದ್ದಾರೆ. ಇವರನ್ನೆಲ್ಲ ನೋಡಿದ ಮೇಲೆ ಈ ಪ್ರಶ್ನೆಯನ್ನು ಸುಮ್ನೆ ತಳ್ಳಿಹಾಕಲು ನನ್ನಿಂದ ಆಗುವುದಿಲ್ಲ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ವಾತಾವರಣವೇ ಹೆಚ್ಚು. ಆದರೆ ವಾತಾವರಣ ಅಂದರೆ ಮಂದ ದೀಪ, ಹಳೇ ಮರದ ಬೆಂಚು, ಗೋಡೆ ತುಂಬ ಫೋಟೋ ಅಂತ ಅಂದುಕೊಳ್ಳಬೇಡಿ. ಯಾರು ಒಳಗೆ ಬರಬಹುದು, ಬಂದವರು ಎಷ್ಟು ಹೊತ್ತು ನೆಮ್ಮದಿಯಾಗಿ ಕೂರಬಹುದು, ನಾಳೆಯೂ ಬರಬೇಕು ಅಂತ ಅವರಿಗೆ ಅನ್ನಿಸುತ್ತದಾ? ನಾನು ಕೇಳುತ್ತಿರುವುದು ಇದನ್ನು.

ಆದರೂ ಬಿಯರ್ ಪರವಾಗಿ ಮಾತಾಡುವವರ ವಾದವನ್ನು ಮೊದಲು ಕೇಳಬೇಕು. ಅವರ ಮೇಲೆ ನನಗೆ ತುಂಬಾ ಗೌರವ ಇದೆ.

1960ರ ದಶಕದಲ್ಲಿ ಬ್ರಿಟನ್ನಿನ ಸಣ್ಣ ಸಣ್ಣ ಬಿಯರ್ ಕಂಪನಿಗಳನ್ನು ದೊಡ್ಡವು ಒಂದೊಂದಾಗಿ ಕೊಂಡುಕೊಂಡವು. ಸಾವಿರಾರು ಪಬ್ಬುಗಳೂ ಅವುಗಳದ್ದೇ. ಊರೂರಿನ ಬಿಯರ್ ಹೋಗಿ ಎಲ್ಲ ಕಡೆ ಒಂದೇ ಬಗೆಯ ಬಿಯರ್ ಬರತೊಡಗಿತು. ಅದನ್ನು ಸೋಸಿ, ಬಿಸಿ ಮಾಡಿ, ಯೀಸ್ಟನ್ನು ಸಾಯಿಸಿ, ಲೋಹದ ಡ್ರಮ್ಮಿಗೆ ತುಂಬಿ, ಗ್ಯಾಸಿನ ಒತ್ತಡದಲ್ಲಿ ಮೇಲಕ್ಕೆ ತಳ್ಳುತ್ತಿದ್ದರು. ಕೆಡುವುದಿಲ್ಲ, ಸಾಗಿಸುವುದು ಸುಲಭ, ನೋಡಿಕೊಳ್ಳಲು ಕೈಚಳಕ ಬೇಕಿಲ್ಲ. ರುಚಿಯೂ ಹಾಗೇ, ಹೇಳಿಕೊಳ್ಳುವಂಥದ್ದು ಏನೂ ಇಲ್ಲ. 1971ರಲ್ಲಿ ಐರ್ಲೆಂಡಿನ ಕೆರಿ ಪ್ರಾಂತ್ಯಕ್ಕೆ ರಜೆಗೆ ಹೋಗಿದ್ದ ನಾಲ್ಕು ಜನ ಇಂಗ್ಲಿಷ್ ಯುವಕರು ಇದರ ವಿರುದ್ಧ ಏನಾದರೂ ಮಾಡಲೇಬೇಕು ಅಂತ ಕೂತು ಒಂದು ಸಂಘ ಮಾಡಿಕೊಂಡರು. ಮೈಕೆಲ್ ಹಾರ್ಡ್‌ಮನ್, ಗ್ರಹಾಂ ಲೀಸ್, ಜಿಮ್ ಮೇಕಿನ್, ಬಿಲ್ ಮೆಲ್ಲರ್ ಅವರ ಹೆಸರು. ಆ ಸಂಘವೇ ಈಗ ಕ್ಯಾಮ್ರಾ ಅನ್ನುವ ಹೆಸರಲ್ಲಿದೆ. ಸದಸ್ಯರು ಲಕ್ಷ ದಾಟಿದ್ದಾರೆ. ಪೀಪಾಯಿಯಲ್ಲೇ ಹದಗೊಳ್ಳುವ ಬಿಯರ್ ಇವತ್ತಿಗೂ ಇಂಗ್ಲೆಂಡಿನ ಪಬ್ಬುಗಳಲ್ಲಿ ಸಿಗುತ್ತಿದ್ದರೆ ಅದರಲ್ಲಿ ಇವರ ಪಾಲು ದೊಡ್ಡದು.

ಈ ಪೀಪಾಯಿ ಬಿಯರನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ನನ್ನ ಮಾತೆಲ್ಲ ನಿಂತಿರುವುದೇ ಅದರ ಮೇಲೆ.

ನಾನು ಹೋಗುತ್ತಿದ್ದ ಪಬ್ಬಿನ ಯಜಮಾನ ಒಮ್ಮೆ ನನ್ನನ್ನು ನೆಲಮಾಳಿಗೆಗೆ ಕರೆದುಕೊಂಡು ಹೋದ. ತಂಪಾದ, ತೇವದ ವಾಸನೆಯ ಜಾಗ. ಉಷ್ಣಾಂಶ 11ರಿಂದ 13 ಡಿಗ್ರಿ ಒಳಗೇ ಇರಬೇಕು. ನಮ್ಮ ಬಾರುಗಳ ಹಾಗೆ ಐಸ್ ಆಗುವಷ್ಟು ತಣ್ಣಗಿಲ್ಲ. ಪೀಪಾಯಿಗಳು ಅಡ್ಡಡ್ಡ ಮಲಗಿದ್ದವು. ಅವುಗಳ ಒಳಗೆ ಯೀಸ್ಟ್ ಇನ್ನೂ ಜೀವಂತವಾಗಿರುತ್ತದೆ. ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟಿನ ಹಾಗೆ ಅದು ತನ್ನ ಪಾಡಿಗೆ ಕೆಲಸ ಮಾಡುತ್ತಲೇ ಇರುತ್ತದೆ. ಹದ ಬಂದಾಗ ಬಳಸಬೇಕು, ಬಿಟ್ಟರೆ ಹುಳಿ. ಪೀಪಾಯಿಯ ಬೆನ್ನಿನ ಮೇಲೆ ಒಂದು ಸಣ್ಣ ತೂತು. ಅದಕ್ಕೆ ಬಿದಿರಿನಂಥ ಮೆತ್ತನೆಯ ಬೆಣೆಯೊಂದನ್ನು ಬಡಿದಿದ್ದ. ಅದರ ಸಂದಿಯಿಂದ ಗ್ಯಾಸು ನೊರೆನೊರೆಯಾಗಿ ಉಕ್ಕುತ್ತಿತ್ತು. ಯಜಮಾನ ಬೆರಳಿನಿಂದ ಆ ನೊರೆ ಒರೆಸಿ ನೋಡುತ್ತಿದ್ದ, ಮತ್ತೆ ಎಷ್ಟು ಬೇಗ ಬರುತ್ತದೆ ಅಂತ. ಉಕ್ಕುವುದು ನಿಂತ ಮೇಲೆ ಮೆತ್ತನೆ ಬೆಣೆ ತೆಗೆದು ಗಟ್ಟಿ ಮರದ ಬೆಣೆ ಬಡಿಯಬೇಕು. ಯೀಸ್ಟ್ ತಳಕ್ಕೆ ಇಳಿದು ಬಿಯರ್ ತಿಳಿಯಾಗುವವರೆಗೆ ಪೀಪಾಯಿಯನ್ನು ಅಲ್ಲಾಡಿಸುವಂತಿಲ್ಲ. ಆಮೇಲೆ ಮೇಲಿನ ಕೌಂಟರಿನಲ್ಲಿ ಕೈಪಂಪು ಎಳೆದರೆ ಕೊಳವೆಯಲ್ಲಿ ಬಿಯರ್ ಏರಿ ಬರುತ್ತದೆ. ಗ್ಯಾಸು ತಳ್ಳುವುದಿಲ್ಲ, ತೋಳಿನ ಬಲವೇ ಮೇಲಕ್ಕೆ ಎತ್ತುವುದು.

ಬಿಯರ್ ಹೊರಗೆ ಬಂದಷ್ಟೂ ಪೀಪಾಯಿಯೊಳಗೆ ಗಾಳಿ ಹೋಗುತ್ತದೆ. ಗಾಳಿ ಸೋಕಿದ ಬಿಯರಿಗೆ ಆಯಸ್ಸು ಕಮ್ಮಿ, ಹೆಚ್ಚೆಂದರೆ ಮೂರು ದಿನ. ಸಾಮಾನ್ಯವಾಗಿ ಪಬ್ಬುಗಳು ತರಿಸುವ ಪೀಪಾಯಿಯಲ್ಲಿ 9 ಗ್ಯಾಲನ್ ಇರುತ್ತದೆ, ಅಂದರೆ 72 ಪೈಂಟು. ಅಲ್ಲಿನ ಪೈಂಟು ಅಂದರೆ ಅರ್ಧ ಲೀಟರಿಗಿಂತ ಸ್ವಲ್ಪ ಹೆಚ್ಚು ಹಿಡಿಯುವ ಗ್ಲಾಸು. ತಳದ ಗಸಿ ಬಿಟ್ಟರೂ ದಿನಕ್ಕೆ ಇಪ್ಪತ್ತು ಇಪ್ಪತ್ತೆರಡು ಪೈಂಟ್ ಆ ಒಂದೇ ಬಿಯರ್ ಹೋಗಬೇಕು. ನಾಲ್ಕು ಪಂಪು ಇಟ್ಟರೆ ಅದರ ನಾಲ್ಕರಷ್ಟು. ಹೋಗದಿದ್ದರೆ ನಾಲ್ಕನೇ ದಿನ ಬಂದವನ ಗ್ಲಾಸಿಗೆ ವಿನೆಗರ್ ವಾಸನೆ ಬರುತ್ತದೆ. ಎಂಥ ನಿಪುಣ ತಯಾರಿಸಿದ ಬಿಯರೇ ಆಗಿರಲಿ.

ನಾನು ಹೇಳಬೇಕಾದ ಮುಖ್ಯ ಮಾತು ಇಲ್ಲೇ ಇದೆ. ಖಾಲಿ ಪಬ್ಬಿನಲ್ಲಿ ಒಳ್ಳೆಯ ಪೀಪಾಯಿ ಬಿಯರ್ ಇರುವುದಕ್ಕೆ ಸಾಧ್ಯವೇ ಇಲ್ಲ. ಆ ಬಿಯರನ್ನು ಅರ್ಧ ಮಾಡುವವನು ಬ್ರೂವರಿಯವನು. ಉಳಿದರ್ಧವನ್ನು ಮಾಡುವವರು ಪಬ್ಬಿನ ಯಜಮಾನ ಮತ್ತು ದಿನಾ ಬಂದು ಕೂರುವ ಜನ. ಮಂಗಳವಾರ ಮಧ್ಯಾಹ್ನ ಸುಮ್ನೆ ಬಂದು ಎರಡು ಪೈಂಟ್ ಕುಡಿದು ಹೋಗುವ ನಿವೃತ್ತ ಪೋಸ್ಟ್‌ಮ್ಯಾನ್ ಇದ್ದಾನಲ್ಲ, ಬುಧವಾರ ಬರುವವರ ಬಿಯರನ್ನು ಅವನು ಕಾಪಾಡುತ್ತಾನೆ. ವಾತಾವರಣ ಚೆನ್ನಾಗಿಲ್ಲ ಅಂತ ಅವನು ಬರುವುದು ಬಿಟ್ಟರೆ ಬಿಯರೂ ಕೆಡುತ್ತದೆ. ಬಿಯರ್ ಕೆಟ್ಟರೆ ಜನ ಬಿಡುತ್ತಾರೆ ಅಂತ ನಾವು ಅಂದುಕೊಂಡಿರುತ್ತೇವೆ. ಜನ ಬಿಟ್ಟದ್ದಕ್ಕೆ ಬಿಯರ್ ಕೆಟ್ಟ ಪಬ್ಬುಗಳನ್ನು ನಾನು ನೋಡಿದ್ದೇನೆ.

ಇನ್ನು ನಾಲಿಗೆಯ ವಿಷಯ. ಇದನ್ನು ಬೇಗ ಹೇಳಿ ಮುಂದೆ ಹೋಗುತ್ತೇನೆ. 1964ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು, ಆಲಿಸನ್ ಮತ್ತು ಊಲ್, ಲೇಬಲ್ ಕಿತ್ತ ಬಾಟಲಿಗಳನ್ನು ಬಿಯರ್ ಪ್ರಿಯರ ಮನೆಗೇ ಕೊಟ್ಟು ನೋಡಿದರು. ತಮ್ಮ ನೆಚ್ಚಿನ ಬ್ರ್ಯಾಂಡ್ ಯಾವುದು ಅಂತ ಹೆಚ್ಚಿನವರಿಗೆ ಗೊತ್ತಾಗಲಿಲ್ಲ. ಲೇಬಲ್ ಹಚ್ಚಿ ಕೊಟ್ಟಾಗ ಮಾತ್ರ ತಮ್ಮದಕ್ಕೇ ಜಾಸ್ತಿ ಅಂಕ ಕೊಟ್ಟರು. 2006ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ ಮ್ಯಾಸಚೂಸೆಟ್ಸಿನ ಕೇಂಬ್ರಿಜ್‌ನ ಪಬ್ಬುಗಳಲ್ಲೇ ನಡೆದದ್ದು. ಬಿಯರಿಗೆ ಕೆಲವು ಹನಿ ಬಾಲ್ಸಾಮಿಕ್ ವಿನೆಗರ್ ಹಾಕಿ ಕೊಟ್ಟರು. ಏನೂ ಹೇಳದೆ ಕೊಟ್ಟಾಗ ಬಹಳ ಜನ ಅದನ್ನೇ ಮೆಚ್ಚಿದರು. ಕುಡಿದ ಮೇಲೆ ವಿಷಯ ತಿಳಿಸಿದರೂ ಅವರ ಮೆಚ್ಚುಗೆ ಕಡಿಮೆಯಾಗಲಿಲ್ಲ. ಮೊದಲೇ ತಿಳಿಸಿದವರಿಗೆ ಮಾತ್ರ ಅದು ಸೇರಲಿಲ್ಲ. ರುಚಿ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಗ್ಲಾಸಿನ ಸುತ್ತ ಇರುವುದೆಲ್ಲ ಗ್ಲಾಸಿನೊಳಗೂ ಇಳಿಯುತ್ತದೆ ಅನ್ನುವುದಷ್ಟೇ ನನಗೆ ಬೇಕಾದ್ದು.

ಹಾಗಾದರೆ ವಾತಾವರಣವನ್ನು ದುಡ್ಡು ಕೊಟ್ಟು ತಯಾರು ಮಾಡಿಸಬಹುದಲ್ವಾ? ಮಾಡಿಸಿದ್ದಾರೆ. 1990ರ ದಶಕದಿಂದ ಐರ್ಲೆಂಡಿನ ಕಂಪನಿಗಳು ಸಿದ್ಧ ಪಬ್ಬುಗಳನ್ನು ಹಡಗಿನಲ್ಲಿ ಹಾಕಿ ಕಳಿಸುತ್ತಿವೆ. ಹಳ್ಳಿಮನೆಯ ಶೈಲಿ ಬೇಕೋ, ವಿಕ್ಟೋರಿಯನ್ ಕಾಲದ್ದು ಬೇಕೋ, ಹಳೇ ದಿನಸಿ ಅಂಗಡಿಯಂಥದ್ದು ಬೇಕೋ ಅಂತ ಆರಿಸಿಕೊಂಡರೆ ಸಾಕು. ಕೌಂಟರು, ಕಪಾಟು, ನೆಲಹಾಸು, ಗೋಡೆಗೆ ನೇತುಹಾಕುವ ಹಳೇ ಸೈಕಲ್ಲು ಎಲ್ಲ ಬರುತ್ತದೆ. ಇದು ನಮ್ಮೂರಿಗೂ ಹೊಸದಲ್ಲ. 1980ರ ದಶಕದ ಕೊನೆಯಿಂದ ಬೆಂಗಳೂರಿಗೆ ಪಬ್ ಸಿಟಿ ಅಂತ ಹೆಸರು ಬಂದ ಕಾಲದಲ್ಲಿ ಹೆಚ್ಚು ಕಡಿಮೆ ಎಲ್ಲ ಕಡೆ ಸಿಗುತ್ತಿದ್ದದ್ದು ಒಂದೇ ಡ್ರಾಟ್ ಬಿಯರ್. ಪಿಚರಿನಲ್ಲಿ ಬರುತ್ತಿದ್ದದ್ದು ಅದೇ, ಮಗ್ಗಿನಲ್ಲಿ ಬರುತ್ತಿದ್ದದ್ದೂ ಅದೇ. ಪೈಪೋಟಿ ಇದ್ದದ್ದು ಪೂರ್ತಿ ವಾತಾವರಣದ ಮೇಲೆ. ಚರ್ಚ್ ಸ್ಟ್ರೀಟಿನ ನಾಸಾ ಅನ್ನುವ ಪಬ್ಬಿನ ಒಳಗೆ ಹೋದರೆ ಬಾಹ್ಯಾಕಾಶ ನೌಕೆ ಹೊಕ್ಕ ಹಾಗಿತ್ತು. ರೆಸ್ಟ್ ಹೌಸ್ ರಸ್ತೆಯ ಪೆಕೋಸ್‌ನಲ್ಲಿ ಗೋಡೆಯ ಪೋಸ್ಟರು, ರಾಕ್ ಸಂಗೀತ, ಸವೆದ ಮೇಜು ಬಿಟ್ಟರೆ ಬೇರೇನಿಲ್ಲ. 1989ರಲ್ಲಿ ಶುರುವಾದ ಅದು ಇವತ್ತಿಗೂ ನಡೆಯುತ್ತಿದೆ. ಅಲ್ಲಿಗೆ ಹೋಗುವವರು ಬಿಯರ್ ಹೇಗಿತ್ತು ಅಂತ ಹೇಳುವುದಿಲ್ಲ. ಯಾವ ಹಾಡು ಬರುತ್ತಿತ್ತು, ಯಾರು ಸಿಕ್ಕಿದ್ದರು ಅಂತ ಹೇಳುತ್ತಾರೆ.

ಈಗ ನಮ್ಮ ಸಾಮಾನ್ಯ ಬಾರ್ ಅಂಡ್ ರೆಸ್ಟೋರೆಂಟಿಗೆ ಬನ್ನಿ. ಕೆಳಗೆ ನಾನ್ ಎಸಿ, ಮೇಲೆ ಎಸಿ. ಒಂದೇ ಫ್ರಿಜ್ಜಿನಿಂದ ತೆಗೆದ ಒಂದೇ ಬಾಟಲಿ. ಮೇಲೆ ಹೋದರೆ ರೇಟು ಜಾಸ್ತಿ. ಆ ಹೆಚ್ಚಿನ ದುಡ್ಡನ್ನು ನಾವು ಕೊಡುವುದು ಬಿಯರಿಗಲ್ಲ, ಕೋಣೆಗೆ. ಮೇಲೆ ಯಾರು ಕೂತಿರುತ್ತಾರೆ, ಯಾರು ಕೂತಿರುವುದಿಲ್ಲ ಅನ್ನುವುದಕ್ಕೂ ಸೇರಿಸಿ ಕೊಡುತ್ತೇವೆ ಅಂತ ನಾನು ಹೇಳಿದರೆ ಇಲ್ಲ ಅನ್ನುವವರು ಕಮ್ಮಿ.

ಇಂಗ್ಲೆಂಡಿನಲ್ಲಿ ಇದೇ ಏರ್ಪಾಡು ಹಿಂದಿನಿಂದ ಇತ್ತು. ಪಬ್ಬಿನ ಒಂದು ಕಡೆ ಬಾರ್ ಕೋಣೆ. ಬರೀ ನೆಲ, ಮರದ ಬೆಂಚು, ದುಡಿದು ಬಂದವರು ಕೆಲಸದ ಬಟ್ಟೆಯಲ್ಲೇ ನಿಲ್ಲುವ ಜಾಗ. ಇನ್ನೊಂದು ಕಡೆ ಲೌಂಜ್ ಅಥವಾ ಸ್ಮೋಕ್ ರೂಮ್. ಮೆತ್ತೆಯ ಕುರ್ಚಿ, ನೆಲಕ್ಕೆ ಕಾರ್ಪೆಟ್, ಬೆಲೆ ಸ್ವಲ್ಪ ಹೆಚ್ಚು. ಎರಡಕ್ಕೂ ಬಿಯರ್ ಬರುವುದು ಕೆಳಗಿನ ಒಂದೇ ಪೀಪಾಯಿಯಿಂದ.

ಬರ್ಮಿಂಗ್‌ಹ್ಯಾಮ್ ಪಕ್ಕದಲ್ಲಿ ಸ್ಮೆಥಿಕ್ ಅಂತ ಊರಿದೆ. ಕಬ್ಬಿಣ ಎರಕ ಹೊಯ್ಯುವ ಕಾರ್ಖಾನೆಗಳ ಊರು. 1950ರ, 60ರ ದಶಕದಲ್ಲಿ ಪಂಜಾಬಿನಿಂದ ಬಂದ ಸಾವಿರಾರು ಜನ ಅಲ್ಲಿನ ಫೌಂಡ್ರಿಗಳಲ್ಲಿ ಕೆಲಸಕ್ಕೆ ಸೇರಿದರು. ಕಾದ ಲೋಹದ ಮುಂದೆ ದಿನವಿಡೀ ನಿಂತವರಿಗೆ ಸಂಜೆ ಎಷ್ಟು ಬಾಯಾರಿರುತ್ತದೆ ಅಂತ ಹೇಳಬೇಕಾಗಿಲ್ಲ. ಪಕ್ಕದಲ್ಲೇ ಪಬ್ಬು. ಆದರೆ ಅನೇಕ ಪಬ್ಬುಗಳಲ್ಲಿ ಅವರಿಗೆ ಬಾರ್ ಕೋಣೆಯಲ್ಲಿ ಮಾತ್ರ ಜಾಗ. ಲೌಂಜಿಗೆ ಹೋದರೆ ಬಿಯರ್ ಕೊಡುತ್ತಿರಲಿಲ್ಲ. ಕೆಲವು ಕಡೆ ಬಾಗಿಲೊಳಗೇ ಬಿಡುತ್ತಿರಲಿಲ್ಲ.

ಅವತಾರ್ ಸಿಂಗ್ ಜೌಹಲ್ ಅನ್ನುವವರು 1958ರಲ್ಲಿ ಇಂಗ್ಲೆಂಡಿಗೆ ಬಂದರು, ಫೌಂಡ್ರಿಯಲ್ಲಿ ದುಡಿದರು, ಭಾರತೀಯ ಕಾರ್ಮಿಕರ ಸಂಘದ ಮುಂದಾಳಾದರು. ಅವರ ಸಂಘ ಒಂದು ಉಪಾಯ ಮಾಡಿತು. ಭಾರತೀಯರು ಮತ್ತು ಬಿಳಿಯ ವಿದ್ಯಾರ್ಥಿಗಳು ಜೊತೆಯಾಗಿ ಪಬ್ಬಿಂದ ಪಬ್ಬಿಗೆ ಹೋಗುವುದು. ಭಾರತೀಯರು ಲೌಂಜಿನಲ್ಲಿ ಬಿಯರ್ ಕೇಳಿದಾಗ ಇಲ್ಲ ಅಂದು, ಅದೇ ಕೌಂಟರಿನಲ್ಲಿ ಬಿಳಿಯರಿಗೆ ಕೊಟ್ಟರೆ ಅದಕ್ಕೆ ಕಣ್ಣಾರೆ ಕಂಡ ಸಾಕ್ಷಿ ಸಿಕ್ಕ ಹಾಗಾಯಿತು. ಆ ಸಾಕ್ಷಿ ಇಟ್ಟುಕೊಂಡು ಪಬ್ಬಿನ ಲೈಸೆನ್ಸ್ ನವೀಕರಣವನ್ನು ವಿರೋಧಿಸುವುದು. 1965ರ ಫೆಬ್ರುವರಿ 12ರಂದು ಇದೇ ಸಂಘದ ಕರೆಯ ಮೇಲೆ ಅಮೆರಿಕದ ಕಪ್ಪು ಜನರ ನಾಯಕ ಮಾಲ್ಕಮ್ ಎಕ್ಸ್ ಸ್ಮೆಥಿಕ್‌ಗೆ ಬಂದರು. ಬ್ಲೂ ಗೇಟ್ಸ್ ಅನ್ನುವ ಪಬ್ಬಿಗೆ ಕರೆದುಕೊಂಡು ಹೋದರೆ ಅಲ್ಲಿನ ಸ್ಮೋಕ್ ರೂಮಿನಲ್ಲಿ ಅವರಿಗೆ ಏನೂ ಕೊಡಲಿಲ್ಲ. ಮಾಲ್ಕಮ್ ಎಕ್ಸ್ ಮದ್ಯ ಮುಟ್ಟದ ಮುಸ್ಲಿಂ. ಅವರಿಗೂ ಬಿಯರಿಗೂ ಸಂಬಂಧವೇ ಇಲ್ಲ. ಅವರು ಕೇಳಿದ್ದು ಆ ಕೋಣೆಯಲ್ಲಿ ನಿಲ್ಲುವ ಹಕ್ಕನ್ನು. ಒಂಬತ್ತು ದಿನ ಕಳೆದು ನ್ಯೂಯಾರ್ಕಿನಲ್ಲಿ ಅವರನ್ನು ಕೊಂದರು.

ಅದರ ಹಿಂದಿನ ವರ್ಷ, 1964ರಲ್ಲಿ, ಬ್ರಿಸ್ಟಲ್ ನಗರದ ಬೇ ಹಾರ್ಸ್ ಪಬ್ಬಿನಲ್ಲಿ ಪಾಲ್ ಸ್ಟೀಫನ್‌ಸನ್ ಅನ್ನುವ ಕಪ್ಪು ಯುವಕ ಬಿಯರ್ ಕೊಡುವವರೆಗೆ ಏಳುವುದಿಲ್ಲ ಅಂತ ಕೂತಿದ್ದಕ್ಕೆ ಪೊಲೀಸರು ಹಿಡಿದಿದ್ದರು. ಕೋರ್ಟು ಕೇಸನ್ನು ವಜಾ ಮಾಡಿತು. 1965ರ ಕೊನೆಗೆ ಬ್ರಿಟನ್ನಿನ ಮೊದಲ ಜನಾಂಗ ಭೇದ ವಿರೋಧಿ ಕಾಯಿದೆ ಬಂತು. ಹೋಟೆಲ್ಲು, ಪಬ್ಬು ಇಂಥ ಸಾರ್ವಜನಿಕ ಜಾಗಗಳಲ್ಲಿ ಬಣ್ಣ ನೋಡಿ ಹೊರಗಿಡುವುದು ಕಾನೂನಿಗೆ ವಿರುದ್ಧವಾಯಿತು.

ಒಳ್ಳೆಯ ಬಿಯರ್ ಇದ್ದರೆ ಸಾಕು, ಮಿಕ್ಕಿದ್ದೆಲ್ಲ ಅಲಂಕಾರ ಅನ್ನುವವರಿಗೆ ನಾನು ಸ್ಮೆಥಿಕ್ ಊರಿನ ಕಥೆ ಹೇಳುತ್ತೇನೆ. ಲೌಂಜಿನ ಬಿಯರಿಗೂ ಬಾರಿನ ಬಿಯರಿಗೂ ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ. ಅದಕ್ಕಾಗಿ ಜನ ಕೆಲಸ ಮುಗಿಸಿ ದಣಿದ ಮೈಯಲ್ಲಿ ಪಬ್ಬಿಂದ ಪಬ್ಬಿಗೆ ಅಲೆದು ಅವಮಾನ ಪಡುತ್ತಿದ್ದರಾ?

ಆಮೇಲೆ ಆದದ್ದು ಇನ್ನೂ ಚೆನ್ನ. 1970ರ ದಶಕದಿಂದ ಆ ಭಾಗದ ಕಾರ್ಖಾನೆಗಳು ಮುಚ್ಚುತ್ತಾ ಬಂದವು. ಪಬ್ಬುಗಳೂ ಸೊರಗಿದವು. ಅಂಥ ಪಬ್ಬುಗಳನ್ನು ಪಂಜಾಬಿ ಕುಟುಂಬಗಳು ಒಂದೊಂದಾಗಿ ಕೈಗೆ ತೆಗೆದುಕೊಂಡವು. ಅವನ್ನು ಅಲ್ಲಿ ಎಲ್ಲರೂ ದೇಸಿ ಪಬ್ ಅನ್ನುತ್ತಾರೆ. ವೆಸ್ಟ್ ಬ್ರಾಮಿಚ್‌ನ ರೆಡ್ ಲಯನ್, ದಿ ವೈನ್ ಇವೆಲ್ಲ ಈಗ ಹೆಸರುವಾಸಿ. ಮಾಲ್ಕಮ್ ಎಕ್ಸ್ ಅವರನ್ನು ಹೊರಗಿಟ್ಟ ಬ್ಲೂ ಗೇಟ್ಸ್ ಕೂಡ ದೇಸಿ ಪಬ್ ಆಯಿತು. ಶುಕ್ರವಾರ ಸಂಜೆ ಇಂಥ ಪಬ್ಬಿನ ಬಾಗಿಲು ತಳ್ಳಿ ನೋಡಿ. ಕಾದ ಕಬ್ಬಿಣದ ತಟ್ಟೆಯಲ್ಲಿ ಚುರ್ ಅನ್ನುತ್ತಾ ಮಿಕ್ಸ್‌ಡ್ ಗ್ರಿಲ್ ಹೋಗುತ್ತಿರುತ್ತದೆ. ಸೀಖ್ ಕಬಾಬ್, ಕುರಿಯ ಚಾಪ್ಸ್, ಕೋಳಿಯ ರೆಕ್ಕೆ, ಮೇಲೆ ನಿಂಬೆಹಣ್ಣು, ಈರುಳ್ಳಿ. ಟೀವಿಯಲ್ಲಿ ಫುಟ್‌ಬಾಲು. ಒಂದು ಮೇಜಿನಲ್ಲಿ ಪೇಟ ಸುತ್ತಿದ ಅಜ್ಜಂದಿರು, ಇನ್ನೊಂದರಲ್ಲಿ ಬಿಳಿಯ ದಂಪತಿ, ಮಗು, ಮಗುವಿನ ಅಜ್ಜಿ. ಕೈಯಲ್ಲಿರುವುದು ಹೆಚ್ಚಾಗಿ ಸಾಧಾರಣ ಲಾಗರ್ ಬಿಯರ್. ಬಿಯರ್ ಪಂಡಿತರು ಅಂಕ ಕೊಡುವಂಥದ್ದಲ್ಲ. ಆದರೂ ಕೂರಲು ಜಾಗ ಸಿಕ್ಕಬೇಕಾದರೆ ಕಾಯಬೇಕು. ರೆಡ್ ಲಯನ್ನಿನಲ್ಲಿ ವಲಸೆ ಬಂದವರ ಕಥೆ ಹೇಳುವ ಬಣ್ಣದ ಗಾಜಿನ ಕಿಟಕಿಯೊಂದಿದೆ, ಚರ್ಚಿನಲ್ಲಿರುತ್ತದಲ್ಲ ಅಂಥದ್ದು. ಆ ಕಿಟಕಿಯ ಕೆಳಗೆ ಕೂತು ತಿಂದ ಮೀನಿನ ಪಕೋಡದ ರುಚಿ ನನಗೆ ಇವತ್ತಿಗೂ ನೆನಪಿದೆ. ಜೊತೆಗೆ ಕುಡಿದ ಬಿಯರಿನ ಹೆಸರು ನೆನಪಿಲ್ಲ.

ಹೆಂಗಸರ ಮಾತು ಬೇರೆ ಹೇಳಲೇಬೇಕು. ಲಂಡನ್ನಿನ ಫ್ಲೀಟ್ ಸ್ಟ್ರೀಟಿನಲ್ಲಿ ಎಲ್ ವೀನೋ ಅಂತ ಒಂದು ವೈನ್ ಬಾರ್. ಪತ್ರಕರ್ತರು, ವಕೀಲರು ಸೇರುವ ಜಾಗ. ಹೆಂಗಸರು ಕೌಂಟರಿನ ಬಳಿ ನಿಲ್ಲುವಂತಿರಲಿಲ್ಲ. ಹಿಂದಿನ ಕೋಣೆಯ ಮೇಜಿಗೆ ಹೋಗಿ ಕೂತರೆ ತಂದು ಕೊಡುತ್ತಿದ್ದರು. ಅದೇ ವೈನು, ಅದೇ ಗ್ಲಾಸು. ಪತ್ರಕರ್ತೆ ಆನಾ ಕೂಟ್ ಮತ್ತು ವಕೀಲೆ ಟೆಸ್ ಗಿಲ್ ಕೋರ್ಟಿಗೆ ಹೋದರು. 1982ರಲ್ಲಿ ಮೇಲ್ಮನವಿ ಕೋರ್ಟು ಅವರ ಪರ ತೀರ್ಪು ಕೊಟ್ಟಿತು. ಮಾತುಕತೆ ನಡೆಯುವುದು, ಸುದ್ದಿ ಸಿಗುವುದು ಕೌಂಟರಿನ ಬಳಿ. ಹೆಂಗಸರನ್ನು ಹಿಂದಕ್ಕೆ ಕಳಿಸಿದರೆ ಅವರ ಕೈತಪ್ಪುವುದು ಅದೇ.

ನಮ್ಮಲ್ಲಿ ಏನಾಯಿತು? 2009ರ ಜನವರಿ 24ರಂದು ಮಂಗಳೂರಿನ ಪಬ್ಬಿಗೆ ಗುಂಪೊಂದು ನುಗ್ಗಿ ಹುಡುಗಿಯರನ್ನು ಹೊಡೆದು, ಎಳೆದಾಡಿ, ಅಟ್ಟಾಡಿಸಿದ್ದನ್ನು ಇಡೀ ದೇಶ ಟೀವಿಯಲ್ಲಿ ನೋಡಿತು. 2018ರಲ್ಲಿ ಆರೋಪಿಗಳು ಖುಲಾಸೆಯಾದರು. ಹಾಡುಹಗಲೇ, ಕ್ಯಾಮೆರಾ ಮುಂದೆ ನಡೆದದ್ದು. ನನಗೆ ಆ ಸಂಕಟ ಇನ್ನೂ ಹೋಗಿಲ್ಲ. ಇವತ್ತಿಗೂ ನಮ್ಮ ಸಣ್ಣ ಊರುಗಳ ಯಾವ ಬಾರಿನಲ್ಲಾದರೂ ಹೆಂಗಸೊಬ್ಬಳು ಒಬ್ಬಳೇ ಹೋಗಿ, ಒಂದು ಬಿಯರ್ ತರಿಸಿಕೊಂಡು, ಅರ್ಧ ಗಂಟೆ ಪೇಪರ್ ಓದಿ ಎದ್ದು ಬರುವುದಕ್ಕೆ ಆಗುತ್ತದಾ? ಫ್ಯಾಮಿಲಿ ರೂಮ್ ಅಂತ ಬೋರ್ಡ್ ಹಾಕಿ, ಪರದೆ ಇಳಿಬಿಟ್ಟು, ಗಂಡನ ಜೊತೆ ಬಂದರೆ ಕೂರಿಸುತ್ತಾರೆ. ಅಲ್ಲಿ ಜರ್ಮನಿಯ ಬಿಯರ್ ತಂದಿಟ್ಟರೂ ಆ ಜಾಗ ಅರ್ಧ ಊರಿಗೆ ಮುಚ್ಚಿದ ಹಾಗೇ.

ಹಾಗಾದರೆ ಒಳ್ಳೆಯ ಪಬ್ಬಿಗೆ ಕನಿಷ್ಠ ಏನು ಬೇಕು? ಇದಕ್ಕೆ ನನಗೆ ಇಷ್ಟವಾದ ಉತ್ತರ ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಹರ್ನ್ ಅನ್ನುವ ಹಳ್ಳಿಯಲ್ಲಿದೆ. 2005ರಲ್ಲಿ ಮಾರ್ಟಿನ್ ಹಿಲ್ಲಿಯರ್ ಅನ್ನುವವರು ಹಿಂದೆ ಮಾಂಸದಂಗಡಿಯಾಗಿದ್ದ ಪುಟ್ಟ ಕೋಣೆಯಲ್ಲಿ ಪಬ್ ತೆರೆದರು. ಬುಚರ್ಸ್ ಆರ್ಮ್ಸ್ ಅಂತ ಹೆಸರು. ಸಂಗೀತ ಇಲ್ಲ, ಟೀವಿ ಇಲ್ಲ, ಜೂಜಿನ ಯಂತ್ರ ಇಲ್ಲ. ಬಿಯರ್ ನೇರ ಪೀಪಾಯಿಯಿಂದಲೇ. ಕೋಣೆ ಎಷ್ಟು ಚಿಕ್ಕದು ಅಂದರೆ ಎದುರು ಕೂತವರ ಜೊತೆ ಮಾತಾಡದೇ ಇರುವುದು ಕಷ್ಟ. ಅಪರಿಚಿತರಾದರೂ ಸರಿ. ಇದನ್ನು ನೋಡಿ ದೇಶದ ಉದ್ದಗಲಕ್ಕೂ ಇಂಥ ನೂರಾರು ಪುಟ್ಟ ಪಬ್ಬುಗಳು ಹುಟ್ಟಿದವು. ಮೈಕ್ರೊಪಬ್ ಅನ್ನುತ್ತಾರೆ. ಇವುಗಳಲ್ಲಿ ಹೆಚ್ಚಿನವುಗಳ ಬಿಯರ್ ಬಹಳ ಚೆನ್ನಾಗಿರುತ್ತದೆ. ಕಾರಣ ಆಗಲೇ ಹೇಳಿದೆನಲ್ಲ. ಜಾಗ ಚಿಕ್ಕದು, ಪೀಪಾಯಿ ಕಡಿಮೆ, ಬರುವವರು ತಪ್ಪದೆ ಬರುತ್ತಾರೆ, ಮೂರು ದಿನದೊಳಗೆ ಖಾಲಿ.

ನಾನು ಹೋಗುತ್ತಿದ್ದ ಪಬ್ಬಿನಲ್ಲಿ ಒಬ್ಬ ವಯಸ್ಸಾದ ಮನುಷ್ಯರಿದ್ದರು. ಡಾಕ್ಟರು ಬೇಡ ಅಂದ ಮೇಲೆ ಬಿಯರ್ ಪೂರ್ತಿ ಬಿಟ್ಟವರು. ಕಿತ್ತಳೆ ರಸದ ಗ್ಲಾಸು ಮುಂದಿಟ್ಟುಕೊಂಡು ಅದೇ ಮೂಲೆಯಲ್ಲಿ ಕೂರುತ್ತಿದ್ದರು. ಎರಡು ಸಂಜೆ ಅವರು ಕಾಣದಿದ್ದರೆ ಯಜಮಾನ ಫೋನ್ ಮಾಡುತ್ತಿದ್ದ. ಅವರ ಮಟ್ಟಿಗೆ ಆ ಪಬ್ಬಿನ ಬಿಯರ್ ಹೇಗಿದ್ದರೇನು?

ಲಂಡನ್ನಿನ ಕಾರ್ಲ್‌ಟನ್ ಟ್ಯಾವರ್ನ್ ಕಥೆ ನಿಮ್ಮಲ್ಲಿ ಕೆಲವರು ಕೇಳಿರಬಹುದು. 1920ರ ದಶಕದ ಶುರುವಿನಲ್ಲಿ ಕಟ್ಟಿದ ಪಬ್ಬು. ಅಂಥ ದೊಡ್ಡ ವಾಸ್ತುಶಿಲ್ಪವೇನಲ್ಲ. ಎರಡನೇ ಮಹಾಯುದ್ಧದ ಬಾಂಬುಗಳಿಗೆ ಬೀಳದೆ ಉಳಿದಿತ್ತು. 2015ರ ಏಪ್ರಿಲ್‌ನಲ್ಲಿ ಅದರ ಮಾಲೀಕ ಕಂಪನಿಯವರು, ಫ್ಲಾಟ್ ಕಟ್ಟಲು, ಅನುಮತಿ ಇಲ್ಲದೆ ಬುಲ್ಡೋಜರ್ ತಂದು ಕೆಡವಿದರು. ಸುತ್ತಲಿನ ಜನ ಮೊದಲೇ ಅನುಮಾನ ಬಂದು ಪಾರಂಪರಿಕ ಕಟ್ಟಡಗಳನ್ನು ನೋಡಿಕೊಳ್ಳುವ ಸಂಸ್ಥೆಗೆ ಬರೆದಿದ್ದರು. ಹಾಗಾಗಿ ಕಟ್ಟಡದ ಪೂರ್ತಿ ದಾಖಲೆ ಇತ್ತು. ಆ ಭಾಗದ ಸ್ಥಳೀಯ ಆಡಳಿತವಾದ ವೆಸ್ಟ್‌ಮಿನ್‌ಸ್ಟರ್ ಕೌನ್ಸಿಲ್ ಕಂಪನಿಗೆ ಹೇಳಿತು: ಇಟ್ಟಿಗೆ ಇಟ್ಟಿಗೆ ಮೊದಲಿದ್ದ ಹಾಗೇ ಕಟ್ಟಿಕೊಡಿ. ಮೇಲ್ಮನವಿಯಲ್ಲೂ ಅದೇ ಆದೇಶ ನಿಂತಿತು. 2021ರ ಏಪ್ರಿಲ್‌ನಲ್ಲಿ ಪಬ್ಬು ಮತ್ತೆ ತೆರೆಯಿತು. ಲಂಡನ್ನಿನಲ್ಲಿ ಒಳ್ಳೆಯ ಬಿಯರಿಗೆ ಬರವಿಲ್ಲ. ಎರಡು ಬೀದಿ ದಾಟಿದರೆ ಬೇರೆ ಪಬ್ಬು ಸಿಗುತ್ತದೆ. ಆದರೂ ಆ ಜನ ಆರು ವರ್ಷ ಪಟ್ಟು ಬಿಡಲಿಲ್ಲ.

ಇಷ್ಟು ಹೇಳಿ ಮಾತು ಮುಗಿಸಿದೆ. ಆಮೇಲೆ ಪ್ರಶ್ನೆಗಳು.

ಮುಂದಿನ ಸಾಲಿನಲ್ಲಿದ್ದ ಮಹಿಳೆಯೊಬ್ಬರು ಕೇಳಿದರು: “ಸರ್, ಈಗ ಬೆಂಗಳೂರಿನ ಮೈಕ್ರೊಬ್ರೂವರಿಗಳಲ್ಲಿ ಬಿಯರೂ ಚೆನ್ನಾಗಿದೆ, ಹೆಂಗಸರು ಧೈರ್ಯವಾಗಿ ಹೋಗಬಹುದು. ಇನ್ನೇನು ಬೇಕು?”

ಮೇಡಂ, ನೀವು ಹೇಳಿದ್ದು ನಿಜ. ಕಳೆದ ಹದಿನೈದು ವರ್ಷಗಳಲ್ಲಿ ಈ ಊರಿನಲ್ಲಿ ಬಿಯರ್ ಎಷ್ಟು ಬದಲಾಗಿದೆ ನೋಡಿ. ಗೋಧಿ ಬಿಯರ್, ಸ್ಟೌಟ್, ಮಾವಿನಹಣ್ಣು ಹಾಕಿದ್ದು, ಎಲ್ಲ ಇಲ್ಲೇ ಕಣ್ಣೆದುರಿನ ತಾಮ್ರದ, ಸ್ಟೀಲಿನ ತೊಟ್ಟಿಗಳಲ್ಲಿ ತಯಾರಾಗುತ್ತದೆ. ಗೆಳತಿಯರ ಗುಂಪು ಆರಾಮಾಗಿ ಕೂತು ನಗುತ್ತಿರುವುದನ್ನು ನೋಡಿದಾಗ ನನಗೆ ಬಹಳ ಸಂತೋಷ ಆಗುತ್ತದೆ. ನನ್ನ ಆಸೆ ಎರಡು. ಒಂದು, ಸಂಗೀತದ ಸದ್ದು ಇಳಿಸಲಿ. ಎಂಟು ಗಂಟೆಯಾದ ಮೇಲೆ ಪಕ್ಕದವರ ಕಿವಿಗೆ ಬಾಯಿ ಇಟ್ಟು ಕೂಗಬೇಕಾಗುತ್ತದೆ. ಮಾತೇ ಇಲ್ಲದಿದ್ದರೆ ಜೊತೆಯಾಗಿ ಕೂತು ಏನು ಮಾಡುವುದು? ಇನ್ನೊಂದು ಬೆಲೆ. ಅಲ್ಲಿನ ಎರಡು ಗ್ಲಾಸಿನ ದುಡ್ಡಿನಲ್ಲಿ ದರ್ಶಿನಿಯಲ್ಲಿ ಇಡೀ ಕುಟುಂಬದ ಊಟ ಆಗುತ್ತದೆ. ಅದನ್ನು ತಂದಿಡುವ ಹುಡುಗ, ಹೊರಗೆ ಕಾಯುವ ಆಟೋದವರು ಅಲ್ಲಿ ಕೂರುವ ಮಾತೇ ಇಲ್ಲ. ಅವರಿಗೆ ಉಳಿದಿರುವುದು ವೈನ್ ಶಾಪಿನ ಮುಂದೆ ನಿಂತು ಪ್ಲಾಸ್ಟಿಕ್ ಲೋಟದಲ್ಲಿ ಕುಡಿಯುವುದು. ಇಂಗ್ಲೆಂಡಿನ ಒಂದು ಸಾಧಾರಣ ಪಬ್ಬಿನಲ್ಲಿ ಗಾರೆ ಕೆಲಸದವನೂ ಮೇಷ್ಟರೂ ಪಕ್ಕಪಕ್ಕ ನಿಂತಿರುತ್ತಾರೆ. ಅಂಥ ಜಾಗ ನಮ್ಮಲ್ಲಿ ಇನ್ನೂ ಆಗಬೇಕಿದೆ, ಆಗಬಹುದು ಅಂತ ನಾನು ನಂಬಿದ್ದೇನೆ.

ಹಿಂದಿನಿಂದ ಒಬ್ಬ ತರುಣ ಎದ್ದ: “ಹಾಗಾದ್ರೆ ವಾತಾವರಣ ಚೆನ್ನಾಗಿದ್ದರೆ ಕೆಟ್ಟ ಬಿಯರ್ ಕೊಟ್ಟರೂ ಕುಡಿಬೇಕಾ?”

ಬೇಡ. ಹುಳಿ ಬಂದ ಬಿಯರನ್ನು ಕುಡಿಯಬೇಡಿ. ಗ್ಲಾಸ್ ತೆಗೆದುಕೊಂಡು ಕೌಂಟರಿಗೆ ಹೋಗಿ, ಮೆಲ್ಲಗೆ ಹೇಳಿ. ಕಾಲು ಭಾಗ ಮಾತ್ರ ಕುಡಿದಿರುವಾಗಲೇ ಹೇಳಬೇಕು, ತಳ ಕಂಡ ಮೇಲೆ ಹೇಳಿದರೆ ಯಾರೂ ಒಪ್ಪುವುದಿಲ್ಲ. ಒಳ್ಳೆಯ ಯಜಮಾನ ಆದರೆ ವಾದ ಮಾಡುವುದಿಲ್ಲ. ತಾನೇ ಒಂದಿಷ್ಟು ಗ್ಲಾಸಿಗೆ ಎಳೆದು ಮೂಸಿ, ಒಂದು ಗುಟುಕು ಕುಡಿದು ನೋಡುತ್ತಾನೆ. ನಿಮಗೆ ಬೇರೆ ಪೀಪಾಯಿಯದ್ದು ಕೊಡುತ್ತಾನೆ. ಕೆಟ್ಟದ್ದರ ಪಂಪಿನ ಮೇಲಿನ ಹೆಸರಿನ ಬಿಲ್ಲೆಯನ್ನು ಹಿಂದುಮುಂದಾಗಿ ತಿರುಗಿಸಿಡುತ್ತಾನೆ, ಇನ್ಯಾರೂ ಕೇಳಬಾರದು ಅಂತ. ಹಾಗೆ ಹೇಳಲು ನಿಮಗೆ ಹಿಂಜರಿಕೆ ಆಗದ ಜಾಗವನ್ನೇ ಹುಡುಕಿ.